ರೂನ್ ಕಲ್ಲಿನ ಕೆಂಪು ಯಾರು ಹಚ್ಚಿದ್ದು?

ಸ್ವೀಡನ್ನಿನ ರಸ್ತೆಬದಿಯಲ್ಲೋ ಚರ್ಚಿನ ಅಂಗಳದಲ್ಲೋ ನಿಂತಿರುವ, ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯಲ್ಲಿ ಕೊರೆದ ಶಾಸನಗಳ ಫೋಟೊ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕೆಂಪಕ್ಷರ. ಅದು ಸಾವಿರ ವರ್ಷದ ಹಿಂದಿನ ಬಣ್ಣವಲ್ಲ, ಈ ಕಾಲದ ತಜ್ಞರು ತುಂಬಿದ್ದು. ಮಳೆ, ಹಿಮಕ್ಕೆ ಮಾಸುತ್ತದೆ, ಮತ್ತೆ ಹಚ್ಚುತ್ತಾರೆ. ಇವನ್ನು ಕೊರೆಸಿದ ವೈಕಿಂಗರೂ ಬಣ್ಣ ಹಚ್ಚುತ್ತಿದ್ದರು ಎನ್ನುವುದಕ್ಕೆ ಕುರುಹುಗಳಿವೆ, ನಿಜ. ಆದರೆ ಸವೆದ ಗೀರೊಂದು ಉಳಿಯೇಟೋ ಬರೀ ಬಿರುಕೋ ಎಂದು ತೀರ್ಮಾನಿಸದೆ ಕುಂಚ ಆಡಿಸುವಂತಿಲ್ಲ. ಒಮ್ಮೆ ಹಚ್ಚಿದರೆ ಆಮೇಲೆ ಬಂದವರೆಲ್ಲ ಆ ಕೆಂಪನ್ನೇ ಓದುತ್ತಾರೆ. ಕಲ್ಲನ್ನು ಕಾಪಾಡುವವನು ತನಗೇ ಗೊತ್ತಿಲ್ಲದೆ ಅದರ ಅರ್ಥವನ್ನೂ ಬರೆದಿರುತ್ತಾನೆ.

ಓದುವುದು ಎಷ್ಟು ಕಷ್ಟ ಎಂಬುದಕ್ಕೆ ಸ್ವೀಡನ್ನಿನ ರೋಕ್ ಶಾಸನ ಸಾಕು. ಕ್ರಿ.ಶ. 800ರ ಸುಮಾರಿನ ಈ ಕಲ್ಲಿನ ಐದು ಮುಖಗಳಲ್ಲಿ 760ರಷ್ಟು ಅಕ್ಷರಗಳಿವೆ. ವರಿನ್ ಎಂಬ ತಂದೆ, ಸತ್ತ ಮಗ ವಾಮೋಡನ ನೆನಪಿಗೆ ಬರೆಸಿದ್ದು. ಇಷ್ಟರವರೆಗೆ ತಕರಾರಿಲ್ಲ. ಮುಂದಿನದೆಲ್ಲ ಜಗಳ. ಆಗಿನ ರೂನ್ ಲಿಪಿಯಲ್ಲಿದ್ದದ್ದು ಹದಿನಾರೇ ಅಕ್ಷರ. ತಮಿಳಿನಲ್ಲಿ ಇರುವಂತೆ ಕ, ಗ ಎರಡಕ್ಕೂ ಒಂದೇ ಅಕ್ಷರ. ಪದಗಳ ನಡುವೆ ಜಾಗ ಬಿಟ್ಟಿಲ್ಲ. ಒಂದು ಪದದ ಕೊನೆ, ಮುಂದಿನದರ ಮೊದಲು ಒಂದೇ ಅಕ್ಷರವಾದರೆ ಒಮ್ಮೆ ಮಾತ್ರ ಕೊರೆದದ್ದೂ ಉಂಟು. ವ್ಯಂಜನದ ಹಿಂದಿನ ಅನುನಾಸಿಕ ಬಿಟ್ಟೇಹೋಗಬಹುದು. ಹಾಗಾಗಿ ಈ ಕಲ್ಲಿನ 'ಸಕುಮುಕ್ಮಿನಿ' ಎಂಬ ಸಾಲನ್ನು ಒಬ್ಬರು 'ಜನರ ನೆನಪನ್ನು ಹೇಳೋಣ' ಎಂದು ಓದಿದರು, ಇನ್ನೊಬ್ಬರು 'ಎಳೆಯರಿಗೆ ಹೇಳೋಣ' ಎಂದರು, ಮತ್ತೊಂದು ತಂಡ 'ಓಡಿನ್ ದೇವರಿಗೆ ಹೇಳೋಣ' ಎಂದಿತು. ಮಧ್ಯದ 'ಮ' ಯಾವ ಪದಕ್ಕೆ ಸೇರಿದ್ದು ಎಂಬಲ್ಲೇ ದಾರಿ ಕವಲೊಡೆಯುತ್ತದೆ. ಯಾವ ಮುಖದ ನಂತರ ಯಾವ ಮುಖ ಎಂಬುದೂ ಇತ್ಯರ್ಥವಾಗಿಲ್ಲ.

19ನೇ ಶತಮಾನದಲ್ಲಿ ನಾರ್ವೆಯ ಭಾಷಾತಜ್ಞ ಸೋಫುಸ್ ಬುಗ್ಗೆ ಈ ಶಾಸನವನ್ನು ಮೊದಲ ಬಾರಿ ಪೂರ್ತಿ ಬಿಡಿಸಲು ಹೊರಟರು. ಅಲ್ಲಿಂದ ಮುಂದೆ ಬಹಳ ಕಾಲ ಇದು ಗಾಥ್ ದೊರೆ ಥಿಯೋಡೊರಿಕ್‌ನ ಪರಾಕ್ರಮದ ಕಥೆ ಎಂದೇ ನಂಬಿಕೆ. 2020ರಲ್ಲಿ ಸ್ವೀಡನ್ನಿನ ವಿದ್ವಾಂಸ ಪೆರ್ ಹೋಲ್ಮ್‌ಬರಿ ಮತ್ತು ಮೂವರು ಸಂಗಡಿಗರು ಅದನ್ನು ತಲೆಕೆಳಗು ಮಾಡಿದರು. ಅವರ ಪ್ರಕಾರ ಇಲ್ಲಿ ಥಿಯೋಡೊರಿಕ್ ಇಲ್ಲವೇ ಇಲ್ಲ. ಇರುವುದು ಸೂರ್ಯನ ಬಗೆಗಿನ ಒಗಟುಗಳು. 536ರ ಜ್ವಾಲಾಮುಖಿ ಸ್ಫೋಟದಿಂದ ಬಿಸಿಲು ಮಂಕಾಗಿ ಬೆಳೆ ಕೈಕೊಟ್ಟು ಸ್ಕ್ಯಾಂಡಿನೇವಿಯಾದಲ್ಲಿ ಅಪಾರ ಜನ ಸತ್ತಿದ್ದರು. ಅಂಥ ಚಳಿಗಾಲ ಮತ್ತೆ ಬಂದೀತೆಂಬ ಭಯವೇ ಶಾಸನದ ಹೂರಣ ಎಂಬ ವಾದ. ಹವಾಮಾನದ ಚಿಂತೆಯಲ್ಲಿರುವ ನಮ್ಮ ಕಾಲಕ್ಕೆ ಇದು ತುಸು ಹೆಚ್ಚೇ ಒಗ್ಗುತ್ತದೆ ಎಂಬ ಗುಮಾನಿ ನನಗಿದೆ. ಹಾಗಂತ ತಳ್ಳಿಹಾಕುವ ವಾದವೂ ಅಲ್ಲ.

ಕಲ್ಲುಗಳ ದಾಖಲಾತಿ ಶುರುವಾದದ್ದು ಸ್ವೀಡನ್ನಿನ ವಿದ್ವಾಂಸ ಯೋಹಾನೆಸ್ ಬುರೇಯುಸ್‌ನಿಂದ. 1599ರಿಂದ ಊರೂರು ತಿರುಗಿ ಶಾಸನಗಳ ಚಿತ್ರ ಬರೆದ. ಹಳೆಯ ಸ್ಮಾರಕಗಳನ್ನು ಕೆಡವಬಾರದೆಂದು ಸ್ವೀಡನ್ ರಾಜಾಜ್ಞೆ ಹೊರಡಿಸಿದ್ದು 1666ರಲ್ಲಿ. ಆಜ್ಞೆ ಇದ್ದರೂ ಗೋಡೆಗೆ, ಸೇತುವೆಗೆ ಕಲ್ಲು ಬೇಕಾದಾಗ ಶಾಸನ ನೆನಪಾಗುತ್ತಿತ್ತು. ರೋಕ್ ಕಲ್ಲೂ ಗೋಡೆಯೊಳಗೇ ಇತ್ತು. 19ನೇ ಶತಮಾನದಲ್ಲಿ ಹೊರತೆಗೆಯುವವರೆಗೆ ಅದರ ಒಂದು ಮುಖವಷ್ಟೇ ಜನರಿಗೆ ಗೊತ್ತಿತ್ತು.

ಈಗಿನ ಶತ್ರುಗಳು ಬೇರೆ: ಆಮ್ಲಮಳೆ, ಕಲ್ಲುಹೂವು, ಪುಂಡರು. ಡೆನ್ಮಾರ್ಕಿನ ಯೆಲಿಂಗ್ ಊರಿನ ರೂನ್ ಕಲ್ಲುಗಳಿಗೆ 2011ರಲ್ಲಿ ಯಾರೋ ಹಸಿರು ಬಣ್ಣ ಎರಚಿದರು. ಅದೇ ವರ್ಷ ಅವನ್ನು ಗಾಜಿನ ಮನೆಯೊಳಗೆ ಇಟ್ಟರು. ಇತ್ತ ತ್ರೀಡಿ ಸ್ಕ್ಯಾನಿಂಗ್ ಬಂದು ಗೀರಿನ ಆಳ, ಕೋನ ಅಳೆಯಲು ಸಾಧ್ಯವಾಗಿದೆ. ಯಾವ ಕಲ್ಲುಕುಟಿಗನ ಕೈ ಎಂದು ಗುರುತಿಸಲೂ ಅದನ್ನು ಬಳಸುತ್ತಿದ್ದಾರೆ, ಅದೂ ಕುಂಚ ಮುಟ್ಟದೆ.

ಕಲ್ಲೇ ಕಳೆದುಹೋಗಿದ್ದರೆ ಹಳೆಯ ಚಿತ್ರವೇ ಗತಿ. ದಕ್ಷಿಣ ಸ್ವೀಡನ್ನಿನ ಹುನ್ನೆಸ್ತಾದ್‌ನಲ್ಲಿ ಎಂಟು ಕಲ್ಲುಗಳ ಸ್ಮಾರಕವಿತ್ತು; ಡೆನ್ಮಾರ್ಕಿನ ವಿದ್ವಾಂಸ ಓಲೆ ವೋರ್ಮ್ 1643ರಲ್ಲಿ ತನ್ನ ಪುಸ್ತಕದಲ್ಲಿ ಅದರ ಚಿತ್ರ ಅಚ್ಚು ಹಾಕಿಸಿದ್ದ. 18ನೇ ಶತಮಾನದಲ್ಲಿ ಸ್ಮಾರಕ ಚದುರಿಹೋಯಿತು. ಮೂರು ಕಲ್ಲು ಮಾತ್ರ ಲುಂಡ್‌ನ ವಸ್ತುಸಂಗ್ರಹಾಲಯ ಸೇರಿದವು. 2020ರ ಡಿಸೆಂಬರಿನಲ್ಲಿ ಚರಂಡಿ ಪೈಪಿಗಾಗಿ ಅಗೆಯುವಾಗ ನಾಲ್ಕನೆಯದು ಸಿಕ್ಕಿತು. ಮೇಲಿದ್ದ ಮೃಗದ ಚಿತ್ರವನ್ನು ವೋರ್ಮ್‌ನ ಪುಸ್ತಕದ ಜೊತೆ ಹೋಲಿಸಿ ಗುರುತು ಹಿಡಿದರು.