ಹತ್ತು ವರ್ಷದ ಎಫ್‌ಡಿ, ಮೂರು ವರ್ಷಕ್ಕೊಂದು ಟ್ರಾನ್ಸ್‌ಫರ್

ಹೋದ ವರ್ಷ ಒಬ್ಬ ಹುಡುಗಿ ಅವರಮ್ಮನ ಜೊತೆ ನಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಬಂದಿದ್ಲು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕು ಮಡಿಕೆ ಹಾಕಿಟ್ಟಿದ್ದ ಎಫ್‌ಡಿ ರಸೀದಿ, ಮಡಿಸಿದ ಗೆರೆ ಮೇಲೆ ಬಂದಿದ್ದ ಅಂಕಿಗಳೆಲ್ಲ ಅಳಿಸಿಹೋಗಿದ್ವು. ಪೋಕ್ಸೋ ಕೇಸು, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದು. ಪರಿಹಾರ ಮಂಜೂರಾದಾಗ ಅವಳಿಗೆ ಎಂಟು ವರ್ಷ, ಈಗ ಹದಿನೆಂಟು ತುಂಬಿ ನರ್ಸಿಂಗ್ ಸೀಟಿಗೆ ಫೀಸ್ ಕಟ್ಟಬೇಕು. "ಸಾರ್, ಬ್ಯಾಂಕಿನವ್ರು ನಿಮ್ ಲೆಟರ್ ತನ್ನಿ ಅಂತಾವ್ರೆ" ಅಂದ್ರು ಅಮ್ಮ.

ಲೆಟರ್ ಕೊಡೋಕೆ ಫೈಲ್ ಬೇಕಲ್ಲ. ಫೈಲ್ ಇಲ್ಲ. ಆಗಿದ್ದ ಸದಸ್ಯ ಕಾರ್ಯದರ್ಶಿ ಬೇರೆ ಜಿಲ್ಲೆಗೆ ಹೋಗಿ, ಅವರ ನಂತರ ಬಂದವರೂ ಹೋಗಿ, ಕೇಸ್ ವರ್ಕರ್ ರಿಟೈರ್ ಆಗಿ, ಬ್ಯಾಂಕೂ ಇನ್ನೊಂದು ಬ್ಯಾಂಕಿನಲ್ಲಿ ವಿಲೀನ ಆಗಿ ಅಕೌಂಟ್ ನಂಬರೇ ಬದಲಾಗಿತ್ತು. ಕೊನೆಗೆ ಆ ಕೇಸನ್ನ ನೆನಪಿಟ್ಟಿದ್ದೋರು ಅಟೆಂಡರ್ ಒಬ್ಬರೇ. ರೆಕಾರ್ಡ್ ರೂಮಿನ ಅಟ್ಟದ ಮೇಲಿಂದ ಕಟ್ಟು ಇಳಿಸಿ, ಧೂಳು ಕೊಡವಿ, "ಇದೇ ಇರ್ಬೇಕು ನೋಡಿ ಸಾರ್" ಅಂದ್ರು. ಅದೇ ಆಗಿತ್ತು. ಆದ್ರೆ ಅವರಿಗೂ ಇನ್ನೆರಡು ವರ್ಷ ಸರ್ವೀಸು ಅಷ್ಟೇ.

ನಾನು ಪ್ರಾಧಿಕಾರದ ಪ್ಯಾನಲ್ ವಕೀಲನಾಗಿ ಇಷ್ಟು ವರ್ಷ ನೋಡಿದ್ರಲ್ಲಿ ಹೇಳೋದಾದ್ರೆ, ಸಂತ್ರಸ್ತರ ಪರಿಹಾರದಲ್ಲಿ ಮಂಜೂರು ಮಾಡೋದು ಅರ್ಧ ಕೆಲಸ, ಮಂಜೂರು ಮಾಡಿದ್ದನ್ನ ಹತ್ತು ವರ್ಷ ನೆನಪಿಟ್ಕೊಳ್ಳೋದು ಇನ್ನರ್ಧ, ಆ ಇನ್ನರ್ಧಕ್ಕೆ ನಮ್ಮಲ್ಲಿ ಯಾರೂ ಪೋಸ್ಟ್ ಕೊಟ್ಟಿಲ್ಲ. ಕಾನೂನಿನಲ್ಲಿ ಕೊರತೆ ಏನಿಲ್ಲ. ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ವಿ. ಎಸ್. ಮಳಿಮಠ್ ಅವರ ಸಮಿತಿ 2003ರಲ್ಲೇ ಸಂತ್ರಸ್ತರಿಗೆ ಪರಿಹಾರದ ಕಾನೂನು ಬೇಕು ಅಂದಿತ್ತು, 2009ರ ಡಿಸೆಂಬರ್ 31ಕ್ಕೆ ಸಿಆರ್‌ಪಿಸಿ, ಅಂದ್ರೆ ಕ್ರಿಮಿನಲ್ ಕೇಸು ನಡೆಸೋ ಕಾನೂನಿನ, ಸೆಕ್ಷನ್ 357ಎ ಜಾರಿಗೆ ಬಂತು, ಅದರಡಿ 2011ರಲ್ಲಿ ನಮ್ಮ ರಾಜ್ಯದ ಸ್ಕೀಮ್. ಈಗ ಅದೇ ವಿಷಯ ಸಿಆರ್‌ಪಿಸಿ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್‌ನ ಸೆಕ್ಷನ್ 396ರಲ್ಲಿದೆ. ಆರೋಪಿ ಸಿಗದೇ ಹೋದ್ರೂ ಅರ್ಜಿ ಹಾಕಬಹುದು, ವಿಚಾರಣೆ ಎರಡು ತಿಂಗಳಲ್ಲಿ ಮುಗಿಸಬೇಕು, ಎಲ್ಲಾ ಬರೆದಿದೆ.

ಇನ್ನು ನಾಲ್ಸಾ, ಅಂದ್ರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಸ್ಕೀಮ್, ಮಹಿಳಾ ಸಂತ್ರಸ್ತರಿಗೆ ಇರೋದು. ಅದರಲ್ಲಿ ದೊಡ್ಡವರಿಗೆ ಬರೋ ದುಡ್ಡಲ್ಲಿ ಶೇ. 75 ಕನಿಷ್ಠ ಮೂರು ವರ್ಷ ಎಫ್‌ಡಿ, ಅಪ್ರಾಪ್ತರಿಗಾದ್ರೆ ಶೇ. 80 ಎಫ್‌ಡಿ, ಅದೂ ಹದಿನೆಂಟು ತುಂಬೋವರೆಗೆ. ಒಳ್ಳೇ ಉದ್ದೇಶವೇ, ದುಡ್ಡು ಕೈಗೆ ಬಂದ ದಿನವೇ ಸಂಬಂಧಿಕರು ಸಾಲ ಕೇಳ್ಕೊಂಡು ಬರ್ತಾರೆ, ಕಣ್ಣಾರೆ ಕಂಡಿದ್ದೀನಿ. ಆದ್ರೆ ಇದರ ಅರ್ಥ ಏನು, ನಾಲ್ಕು ವರ್ಷದ ಮಗುವಿಗೆ ಇವತ್ತು ಆರ್ಡರ್ ಆದ್ರೆ ಆಫೀಸು ಅದನ್ನ ಹದಿನಾಲ್ಕು ವರ್ಷ ಕಾಯಬೇಕು, ಆದ್ರೆ ಸದಸ್ಯ ಕಾರ್ಯದರ್ಶಿ ಕುರ್ಚಿ ಮೇಲೆ ಕೂರೋ ನ್ಯಾಯಾಧೀಶರು ಸಾಮಾನ್ಯವಾಗಿ ಮೂರು ವರ್ಷಕ್ಕೆ ವರ್ಗ.

ಅದಕ್ಕೇ ನಾವೊಂದು ರಿಜಿಸ್ಟರ್ ಶುರು ಮಾಡಿದ್ವಿ. ದೊಡ್ಡ ಸಾಫ್ಟ್‌ವೇರ್ ಏನಲ್ಲ, ಉದ್ದ ಲೆಡ್ಜರ್ ಬುಕ್ಕು. ಬೇರೆ ರಿಜಿಸ್ಟರೆಲ್ಲ ಅರ್ಜಿ ಬಂದ ತಾರೀಕಿನ ಪ್ರಕಾರ, ಇದು ಎಫ್‌ಡಿ ಮೆಚ್ಯೂರ್ ಆಗೋ ತಾರೀಕಿನ ಪ್ರಕಾರ, ವರ್ಷಕ್ಕೊಂದಿಷ್ಟು ಪುಟ. ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಬೀರು ಕೀಲಿ, ಕಂಪ್ಯೂಟರ್ ಜೊತೆ ಇದೂ ಒಂದು ಐಟಂ, ಹೊಸಬರು ಸಹಿ ಹಾಕಿಯೇ ತಗೋಬೇಕು. ಹೆಸರು ಬರೆಯಲ್ಲ, ಕೇಸ್ ನಂಬರ್ ಮಾತ್ರ. ಮನೆಗೆ ನೋಟಿಸ್ ಕಳಿಸೋದೂ ಇಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಹುಡುಗಿಗೆ ಮದುವೆ ಆಗಿರಬಹುದು, ಗಂಡನ ಮನೇಲಿ ಆ ಕವರ್ ಯಾರು ಒಡೀತಾರೋ ಯಾರಿಗ್ಗೊತ್ತು. ಪಿಎಲ್‌ವಿ ಅಂದ್ರೆ ಅರೆಕಾಲಿಕ ಕಾನೂನು ಸ್ವಯಂಸೇವಕಿ ಒಬ್ಬರು ಹೋಗಿ ತಾಯಿಯನ್ನೋ ಅವಳನ್ನೋ ಒಂಟಿಯಾಗಿ ಸಿಕ್ಕಾಗ ಮಾತಾಡ್ಬೇಕು.

ದುಡ್ಡಿನ ವಿಷಯ. ಆರ್ಡರ್ ಆಗಿ ಅನುದಾನ ಇಲ್ಲ ಅಂತ ಫೈಲ್ ಕೂತಿರೋದು ಹೊಸದಲ್ಲ. ಮಹಿಳೆಯರ ಸುರಕ್ಷತೆಗೆ ಅಂತ ಇರೋ ನಿರ್ಭಯಾ ನಿಧಿಯಿಂದ ಕೇಂದ್ರ ಎಲ್ಲಾ ರಾಜ್ಯಕ್ಕೂ ಸೇರಿ ಒಂದೇ ಸಲಕ್ಕೆ ಅಂತ 200 ಕೋಟಿ ಕೊಟ್ಟಿತ್ತು, ಒಂದೇ ಸಲ ಬಂದ ದುಡ್ಡಲ್ಲಿ ಆಫೀಸು ನಡಿಯಲ್ಲ. ಅಮೆರಿಕದಲ್ಲಿ 1984ರಿಂದ ಅಪರಾಧಿಗಳ ದಂಡದ ಹಣವನ್ನೇ ಸಂತ್ರಸ್ತರ ನಿಧಿಗೆ ಹಾಕ್ತಾರೆ, ತೆರಿಗೆ ದುಡ್ಡಲ್ಲ, ಕೇಳೋಕೆ ಚೆಂದ. ಆದ್ರೆ ದೊಡ್ಡ ಕಂಪನಿಗಳು ಕೇಸ್ ನಡೆಸೋ ಬದಲು ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಳ್ಳೋದು ಜಾಸ್ತಿ ಆಯ್ತು, ಆ ದುಡ್ಡು ನಿಧಿಗೆ ಬರ್ದೇ ಅದು ಬತ್ತಿತು, 2021ರಲ್ಲಿ ಕಾನೂನು ತಿದ್ದಿ ಆ ಹಣವನ್ನೂ ಇದಕ್ಕೇ ತಿರುಗಿಸಿದ್ರು. ನನ್ನ ಕೇಳಿದ್ರೆ ಪ್ರತಿ ವರ್ಷ ಬಜೆಟ್‌ನಲ್ಲಿ ತಪ್ಪದೇ ಬರೋ ಸಣ್ಣ ಮೊತ್ತವೇ ವಾಸಿ, ನಮ್ಮ ಲೆಡ್ಜರ್ ನೋಡಿದ್ರೆ ಬರೋ ವರ್ಷ ಎಷ್ಟು ಜನ ಬರ್ತಾರೆ ಅಂತ ಮೊದಲೇ ಹೇಳಬಹುದು, ಫೀಸಿಗೆ ಸಹಿ ಬೇಕು ಅಂತ ಬರೋರಿಗೆ ಸಿಬ್ಬಂದಿ ಇರಬೇಕಷ್ಟೇ.

ಆ ಹುಡುಗಿಗೆ ಲೆಟರ್ ಕೊಡೋಕೆ ಹನ್ನೊಂದು ದಿನ ಹಿಡೀತು. ಆಮೇಲೆ ಬ್ಯಾಂಕಲ್ಲಿ, ಆಧಾರ್‌ನಲ್ಲಿ ಅಪ್ಪನ ಇನಿಶಿಯಲ್ ತಪ್ಪಿದೆ ಅಂತ ಒಂದು ವಾರ. ಫೀಸಿನ ಕೊನೇ ದಿನಕ್ಕೆ ಮಾತ್ರ ಸರಿಯಾಗಿ ಸಿಕ್ತು.

ನಿಮ್ಮನೇಲೋ ಗೊತ್ತಿರೋರ ಮನೇಲೋ ಇಂಥ ರಸೀದಿ ಇದ್ರೆ ಹದಿನೆಂಟು ತುಂಬೋವರೆಗೆ ಕಾಯ್ಬೇಡಿ, ಬ್ಯಾಂಕ್ ವಿಲೀನ ಆಗಿದ್ರೆ ಈಗ್ಲೇ ಹೋಗಿ ಹೊಸ ನಂಬರ್ ಬರೆಸ್ಕೊಳ್ಳಿ, ಮೊಬೈಲಲ್ಲಿ ಎರಡೂ ಕಡೆ ಫೋಟೋ ತೆಗೆದಿಡಿ, ಡೌಟಿದ್ರೆ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ, ದುಡ್ಡು ಕೊಡುವಾಗ ಬ್ಯಾಂಕಿನವ್ರು ಅದರ ಹಿಂದುಗಡೆ ಸಹಿ ಹಾಕಿಸ್ಕೊಳ್ತಾರೆ.