ಕೊಂಡ ಸಿನಿಮಾ, ಬಾಡಿಗೆಯ ಸಿನಿಮಾ

2023ರ ಸೆಪ್ಟೆಂಬರ್ 29ರಂದು ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿವಿಡಿಗಳನ್ನು ಅಂಚೆಗೆ ಹಾಕಿತು. 1998ರಲ್ಲಿ ಆರಂಭವಾದ ಆ ಸೇವೆ ಅಮೆರಿಕದ ಮನೆಗಳಿಗೆ ಕೆಂಪು ಲಕೋಟೆಗಳಲ್ಲಿ ಕಳುಹಿಸಿದ ಡಿಸ್ಕ್‌ಗಳು 500 ಕೋಟಿಗೂ ಹೆಚ್ಚು. ಕೊನೆಯ ಸುತ್ತಿನವನ್ನು ಹಿಂದಿರುಗಿಸಬೇಕಿಲ್ಲ, ಇಟ್ಟುಕೊಳ್ಳಿ ಎಂದು ಕಂಪನಿ ಚಂದಾದಾರರಿಗೆ ತಿಳಿಸಿತು.

ಸುದ್ದಿಯಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ ಬೇರೆಯೇ ಇತ್ತು. ಡಿಸ್ಕ್ ಸೇವೆ ಉಚ್ಛ್ರಾಯದಲ್ಲಿದ್ದಾಗ ನೆಟ್‌ಫ್ಲಿಕ್ಸ್ ಉಗ್ರಾಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಶೀರ್ಷಿಕೆಗಳಿದ್ದವು. ಅದೇ ಕಂಪನಿಯ ಸ್ಟ್ರೀಮಿಂಗ್‌ನಲ್ಲಿ ಸಿಗುವುದು ಕೆಲವೇ ಸಾವಿರ. ತಂತ್ರಜ್ಞಾನ ಮುಂದೆ ಹೋದಂತೆ ಭಂಡಾರ ಕಿರಿದಾಯಿತು. ಇದಕ್ಕೆ ಕಾರಣ ಸರ್ವರ್‌ನಲ್ಲಿ ಜಾಗ ಸಾಲದ್ದಲ್ಲ; ನೂರು ವರ್ಷಕ್ಕೂ ಹಳೆಯದಾದ ಒಂದು ಕೋರ್ಟು ತೀರ್ಪು ಡಿಸ್ಕ್‌ಗೆ ಕೊಟ್ಟ ಸ್ವಾತಂತ್ರ್ಯ ಸ್ಟ್ರೀಮಿಂಗ್‌ಗೆ ಸಿಗದೆ ಹೋದದ್ದು.

ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಕಾದಂಬರಿಯೊಂದರ ಒಳಪುಟದಲ್ಲಿ, ಇದನ್ನು ಒಂದು ಡಾಲರ್‌ಗಿಂತ ಕಡಿಮೆ ಬೆಲೆಗೆ ಮಾರುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಅಚ್ಚು ಹಾಕಿತ್ತು. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಕ್ಯಾರೇ ಎನ್ನದೆ ಅದನ್ನು 89 ಸೆಂಟ್‌ಗೆ ಮಾರಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1908ರಲ್ಲಿ ತೀರ್ಪು ಬಂದದ್ದು ಅಂಗಡಿಯ ಪರವಾಗಿ. ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಮಾರಾಟದ ಮೇಲೆ ಪ್ರಕಾಶಕನಿಗೆ ಹಿಡಿತವಿಲ್ಲ ಎಂಬ ತತ್ತ್ವ ಅಲ್ಲಿ ನೆಲೆಗೊಂಡಿತು. ಹಳೇ ಪುಸ್ತಕದಂಗಡಿ, ಗ್ರಂಥಾಲಯ, ವಿಡಿಯೊ ಬಾಡಿಗೆ ಅಂಗಡಿ, ಕೊನೆಗೆ ನೆಟ್‌ಫ್ಲಿಕ್ಸ್‌ನ ಕೆಂಪು ಲಕೋಟೆ ಎಲ್ಲವೂ ನಿಂತದ್ದು ಈ ತಳಪಾಯದ ಮೇಲೆ. ಸ್ಟುಡಿಯೊ ಒಪ್ಪಲಿ ಬಿಡಲಿ, ಅಂಗಡಿಯಿಂದ ಡಿಸ್ಕ್ ಕೊಂಡು ತಂದು ಬಾಡಿಗೆಗೆ ಕೊಡಬಹುದಿತ್ತು. ಸ್ಟ್ರೀಮಿಂಗ್‌ನಲ್ಲಿ ಮಾರಾಟವೇ ನಡೆಯುವುದಿಲ್ಲ. ಅಲ್ಲಿರುವುದು ಪರವಾನಗಿ. ಇಂತಿಷ್ಟು ವರ್ಷಕ್ಕೆ, ಇಂಥ ದೇಶಗಳಿಗೆ ಎಂದು ಒಂದೊಂದು ಚಿತ್ರಕ್ಕೂ ಬೇರೆ ಬೇರೆ ಒಪ್ಪಂದ. ಅವಧಿ ಮುಗಿದರೆ ಚಿತ್ರ ಪಟ್ಟಿಯಿಂದ ಮಾಯ.

ಅದೇ 1908ರಲ್ಲಿ ಗ್ರಾಮಫೋನ್ ಕಂಪನಿ ಕಲ್ಕತ್ತದಲ್ಲಿ ತಟ್ಟೆ ಒತ್ತುವ ಕಾರ್ಖಾನೆ ತೆರೆಯಿತು. ಮುಂದೆ ಹಲವು ದಶಕ ಭಾರತದ ಧ್ವನಿಮುದ್ರಣ ಎಂದರೆ ಹೆಚ್ಚುಕಡಿಮೆ ಈ ಒಂದೇ ಕಂಪನಿ, ಅದರ ‘ಎಚ್‌ಎಂವಿ’ ಗುರುತಿನ ನಾಯಿಯ ಚಿತ್ರ. ಯಾರ ಹಾಡು ತಟ್ಟೆಯಾಗಬೇಕೆಂದು ಅದೇ ತೀರ್ಮಾನಿಸುತ್ತಿತ್ತು. ಈ ಬಾಗಿಲನ್ನು ಒಡೆದದ್ದು ಫಿಲಿಪ್ಸ್ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್. ಭಾರತದಲ್ಲಿ ಅದು ಹಬ್ಬಿದ್ದು ಎಪ್ಪತ್ತರ ದಶಕದ ಕೊನೆಗೆ. ಕನ್ನಡದಲ್ಲಿ 1978ರಲ್ಲಿ ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಭಾವಗೀತೆ ಎಂಬ ಪ್ರಕಾರಕ್ಕೆ ಆಮೇಲೆ ಸಿಕ್ಕ ಮನೆಮನೆಯ ಜನಪ್ರಿಯತೆಗೆ ಕ್ಯಾಸೆಟ್ಟೇ ವಾಹನ. ಬೆಂಗಳೂರಿನಲ್ಲೇ ಲಹರಿಯಂಥ ಕಂಪನಿಗಳು ಬೆಳೆದವು. ಕರಾವಳಿಯಲ್ಲಿ ಯಕ್ಷಗಾನ, ತಾಳಮದ್ದಳೆಗಳು ಕ್ಯಾಸೆಟ್ಟಿಗೆ ಇಳಿದವು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಅರ್ಧರ್ಧ ಗಂಟೆಯ ಮಗ್ಗುಲುಗಳಿಗೆ ಹೊಂದಿಸುವುದೇ ಒಂದು ಸಾಹಸ. ವಾದ ತಾರಕಕ್ಕೇರುವ ಹೊತ್ತಿಗೆ ಸುರುಳಿ ಟಕ್ಕೆಂದು ನಿಲ್ಲುತ್ತಿತ್ತು, ಎದ್ದು ಹೋಗಿ ಮಗ್ಗುಲು ಬದಲಿಸಬೇಕಿತ್ತು.

ಸಿನಿಮಾ ಮನೆಗೆ ಬಂದದ್ದು ಬಾಡಿಗೆಯ ದಾರಿಯಲ್ಲಿ. ಎಂಬತ್ತರ ದಶಕದಲ್ಲಿ ಟಿವಿ, ವಿಸಿಪಿ ಎಂಬ ವಿಡಿಯೊ ಕ್ಯಾಸೆಟ್ ಓಡಿಸುವ ಯಂತ್ರ, ಮೂರ್ನಾಲ್ಕು ಕ್ಯಾಸೆಟ್ ಎಲ್ಲವನ್ನೂ ಒಂದು ರಾತ್ರಿಗೆಂದು ತಂದು ಓಣಿಯವರೆಲ್ಲ ಬೆಳಗಿನವರೆಗೆ ನೋಡುವ ಪದ್ಧತಿ ಇತ್ತು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ ಬಂದ 1994ರ ತಿದ್ದುಪಡಿ ಸಿನಿಮಾ ಪ್ರತಿಯನ್ನು ಬಾಡಿಗೆಗೆ ಕೊಡುವ ಹಕ್ಕನ್ನೂ ಹಕ್ಕುದಾರರ ಕೈಗೇ ಕೊಟ್ಟಿತು, ಆ ಪ್ರತಿ ಮೊದಲೇ ಮಾರಾಟವಾಗಿದ್ದರೂ ಸರಿ. ಬೀದಿ ಮೂಲೆಯ ವಿಡಿಯೊ ಲೈಬ್ರರಿಗಳು ಆ ಕಾನೂನನ್ನು ಓದಿದ ಹಾಗೆ ಕಾಣಲಿಲ್ಲ.

ಆಮೇಲೆ ವಿಸಿಡಿ. ಒಂದು ಡಿಸ್ಕ್‌ನಲ್ಲಿ ಹಿಡಿಯುವುದು ಸುಮಾರು 74ರಿಂದ 80 ನಿಮಿಷ. ಆದ್ದರಿಂದ ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಎರಡು ಡಿಸ್ಕ್, ಕೆಲವಕ್ಕೆ ಮೂರು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಟ್ಟು ನಕಲಿ ಡಿಸ್ಕ್‌ನವರ ಹೊಟ್ಟೆಗೇ ಕೈ ಹಾಕಿತು. ದಿನಸಿ ಅಂಗಡಿಯ ಗಲ್ಲಾದ ಪಕ್ಕದಲ್ಲೂ ಸಿನಿಮಾ ತೂಗಾಡತೊಡಗಿತು. ತೆಳುವಾದ ಕಾಗದದ ಹೊದಿಕೆ, ಸಾಧಾರಣ ಮುದ್ರಣ, ಕೆಲವು ಚಿತ್ರಗಳಿಗೆ ಮೂಲದ ಅರ್ಧ ಬಣ್ಣವೂ ಇಲ್ಲ. ನನ್ನ ಮಟ್ಟಿಗೆ ಕನ್ನಡ ಚಿತ್ರರಂಗದ ಹಳೆಯ ಚಿತ್ರಗಳು ಅತಿ ಹೆಚ್ಚು ಮನೆಗಳ ಕಪಾಟು ಸೇರಿದ್ದು ಆ ಕೆಲವೇ ವರ್ಷಗಳಲ್ಲಿ. ಯಾರೂ ಸಂರಕ್ಷಣೆ ಎಂದುಕೊಂಡು ಮಾಡಿದ ಕೆಲಸವಲ್ಲ ಅದು, ಶುದ್ಧ ವ್ಯಾಪಾರ. ಆದರೆ ಸಾವಿರಾರು ಮನೆಗಳಲ್ಲಿ ಸಾವಿರಾರು ಪ್ರತಿಗಳಿದ್ದರೆ ಒಂದು ಸುಟ್ಟರೂ ಇನ್ನೊಂದು ಉಳಿಯುತ್ತದೆ.

2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು, ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೊ. ಇವೆರಡರ ನಡುವೆ, ಸೆಪ್ಟೆಂಬರ್‌ನಲ್ಲಿ ಜಿಯೊ. ಇಲ್ಲಿ ಡಿಸ್ಕ್ ಅಂಗಡಿಯ ಶಟರ್ ಎಳೆದದ್ದು ಒಟಿಟಿಗಿಂತ ಹೆಚ್ಚಾಗಿ ಅಗ್ಗದ ಡೇಟಾ ಮತ್ತು ಯೂಟ್ಯೂಬ್. ಬ್ಲೂ-ರೇ ನಮ್ಮಲ್ಲಿ ಬೇರು ಬಿಡುವ ಮೊದಲೇ ಅದರ ಕಾಲ ಮುಗಿದಿತ್ತು. ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು.

ಒಟಿಟಿಯಲ್ಲಿ ಕನ್ನಡದ ಸ್ಥಿತಿ ಎಂಥದ್ದು ಎಂಬುದಕ್ಕೆ ಎರಡು ಉದಾಹರಣೆ ಸಾಕು. ರಕ್ಷಿತ್ ಶೆಟ್ಟಿ ಬೆಂಬಲದ ‘ಏಕಂ’ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳದೆ ಹೋದಾಗ ತಂಡವೇ 2024ರ ಜುಲೈನಲ್ಲಿ ಸ್ವಂತ ಜಾಲತಾಣ ಕಟ್ಟಿ ಬಿಡುಗಡೆ ಮಾಡಿತು. ಕೊಂಡವರ ಕೈಯಲ್ಲಾದರೂ ಭದ್ರವೇ ಎಂದರೆ ‘777 ಚಾರ್ಲಿ’ಯನ್ನು ನೋಡಿ. 2022ರಲ್ಲಿ ಅದು ಒಟಿಟಿಗೆ ಬಂದದ್ದು ವೂಟ್ ಸೆಲೆಕ್ಟ್‌ನಲ್ಲಿ. ಮರುವರ್ಷ ವೂಟ್ ಜಿಯೊಸಿನಿಮಾದಲ್ಲಿ ಕರಗಿತು. 2025ರ ಫೆಬ್ರುವರಿಯಲ್ಲಿ ಜಿಯೊಸಿನಿಮಾ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಚಿತ್ರ ಕೊಂಡ ಅಂಗಡಿಯ ಹಲಗೆ ಮೂರು ವರ್ಷ ತುಂಬುವ ಮೊದಲೇ ಎರಡು ಸಲ ಬದಲಾಯಿತು. ದೊಡ್ಡ ಚಿತ್ರ ಇಂಥ ವರ್ಗಾವಣೆಗಳಲ್ಲಿ ಹೇಗೋ ಪಾರಾಗುತ್ತದೆ. ಜನ ನೋಡದ ಸಣ್ಣ ಚಿತ್ರದ ಬಗ್ಗೆ ಕೇಳುವವರು ಯಾರು?

ದೊಡ್ಡದಕ್ಕೂ ಖಾತರಿ ಇಲ್ಲವೆನ್ನಿ. ಡಿಸ್ನಿ 2022ರ ನವೆಂಬರ್‌ನಲ್ಲಿ ತಂದ ‘ವಿಲೋ’ ಸರಣಿಯನ್ನು ಮುಂದಿನ ಮೇ ತಿಂಗಳಲ್ಲೇ ತನ್ನ ವೇದಿಕೆಯಿಂದ ತೆಗೆಯಿತು. ಖರ್ಚು ಉಳಿಸುವ ಲೆಕ್ಕಾಚಾರ. ತಮಿಳಿನ ‘ಅನ್ನಪೂರಣಿ’ ಸೆನ್ಸಾರ್ ದಾಟಿ ಚಿತ್ರಮಂದಿರದಲ್ಲಿ ಓಡಿದ ಸಿನಿಮಾ. ದೂರುಗಳು ಬಂದ ಮೇಲೆ 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಿಂದ ಅದನ್ನು ಇಳಿಸಲಾಯಿತು. ಮಾರಾಟವಾದ ಡಿಸ್ಕ್‌ಗಳನ್ನು ಮನೆಮನೆಯಿಂದ ವಾಪಸು ತರುವುದಕ್ಕೆ ಯಾವ ಕಂಪನಿಗೂ ಆಗದು. ಸರ್ವರ್‌ನಲ್ಲಿ ಒಂದು ಗುಂಡಿ ಒತ್ತಿದರಾಯಿತು.

ಹಾಗೆಂದು ಡಿಸ್ಕ್‌ಗೆ ಆರತಿ ಎತ್ತುವವರ ಸಾಲಿನಲ್ಲಿ ನಾನಿಲ್ಲ. ಮಲೆನಾಡಿನ ಒಂದೆರಡು ಮಳೆಗಾಲ ಕಂಡ ಕ್ಯಾಸೆಟ್ಟನ್ನು ತೆರೆದು ನೋಡಿದರೆ ಸುರುಳಿಯ ಅಂಚಿಗೆ ಬಿಳಿ ಬೂಸ್ಟು ಕೂತಿರುತ್ತದೆ. ಅಗ್ಗದ ಡಿಸ್ಕ್‌ನ ಬೆಳ್ಳಿಬಣ್ಣದ ಪದರ ಚುಕ್ಕೆಚುಕ್ಕೆಯಾಗಿ ಎದ್ದುಬರುತ್ತದೆ. ಎಲ್ಲ ನೆಟ್ಟಗಿದ್ದರೂ ಓಡಿಸುವ ಯಂತ್ರ ಬೇಕಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಅಮೆರಿಕದಲ್ಲಿ 2022ರಲ್ಲಿ ಗ್ರಾಮಫೋನ್ ತಟ್ಟೆಗಳು 1987ರ ನಂತರ ಮೊದಲ ಬಾರಿಗೆ ಸಿ.ಡಿ.ಗಳಿಗಿಂತ ಹೆಚ್ಚು ಮಾರಾಟವಾದವು, ನಿಜ. ಅದು ಉಳ್ಳವರ ಹವ್ಯಾಸ. ಮಾರುಕಟ್ಟೆ ಡಿಸ್ಕ್‌ನ ಕಡೆಗೆ ಹಿಂದಿರುಗುತ್ತಿದೆ ಎಂದು ಅದರಿಂದ ಹೇಳಲಾಗದು.

ಪ್ರಶ್ನೆ ಮೂಲಪ್ರತಿಯದು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಇನ್ನೊಂದು ಕಡೆ ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ ಇದೆ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿತ್ತು. ಹಾಗಾಗಿಯೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ ಅದನ್ನು ಪುನರುಜ್ಜೀವನಗೊಳಿಸಲು ಸಾಧ್ಯವಾಯಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಪ್ರತಿ ಪ್ರದರ್ಶನಗೊಂಡಿತು. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಒಂದು ತಣ್ಣನೆಯ ಕೋಣೆ ಮತ್ತು ಅದನ್ನು ಕಾಯುವ ನೌಕರರು.

ಡಿಜಿಟಲ್ ಕಡತಕ್ಕೆ ಆ ಕೋಣೆ ಇನ್ನೂ ದುಬಾರಿ. ಆಸ್ಕರ್ ಕೊಡುವ ಅಕಾಡೆಮಿ 2007ರಲ್ಲಿ ಲೆಕ್ಕ ಹಾಕಿತ್ತು: ಒಂದು ಚಿತ್ರದ ಮೂಲವನ್ನು ಫಿಲ್ಮ್ ರೀಲಿನಲ್ಲಿ ಇಡಲು ವರ್ಷಕ್ಕೆ 1,059 ಡಾಲರ್, ಡಿಜಿಟಲ್ ಆಗಿ ಇಡಲು 12,514 ಡಾಲರ್. ಶೇಖರಣೆಯ ದರ ಆಮೇಲೆ ಇಳಿದಿದೆ. ಆದರೆ ಕೆಲವು ವರ್ಷಕ್ಕೊಮ್ಮೆ ಕಡತಗಳನ್ನು ಹೊಸ ಡ್ರೈವ್‌ಗೆ ವರ್ಗಾಯಿಸುತ್ತಲೇ ಇರಬೇಕಾದ ಕೆಲಸ ತಪ್ಪಿಲ್ಲ. ಚಿತ್ರ ನಷ್ಟವಾಗಿ ಕಚೇರಿ ಮುಚ್ಚಿದ ಕನ್ನಡದ ನಿರ್ಮಾಪಕ ತನ್ನ ಹಾರ್ಡ್ ಡಿಸ್ಕನ್ನು ಹತ್ತು ವರ್ಷ ಹೀಗೆ ಪೋಷಿಸುತ್ತಾನೆ ಎಂದು ನಂಬುವುದು ಕಷ್ಟ.

ಕಾನೂನು ನಿಧಾನವಾಗಿ ಕಣ್ಣು ಬಿಡುತ್ತಿದೆ. ಕೇವಲ ಪರವಾನಗಿ ಕೊಡುವಾಗ, ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಗುಂಡಿ ತೋರಿಸುವಂತಿಲ್ಲ ಎಂಬ ಕ್ಯಾಲಿಫೋರ್ನಿಯದ ಕಾಯ್ದೆ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಗ್ರಾಹಕನಿಗೆ ಅದರಿಂದ ತಿಳಿವಳಿಕೆ ಬರಬಹುದು, ಸಿನಿಮಾ ಉಳಿಯುವುದಿಲ್ಲ. ಉಳಿಸುವ ಮಾದರಿ ನಮ್ಮಲ್ಲೇ ಇದೆ, ಅದೂ ಪುಸ್ತಕಗಳಿಗೆ. ಭಾರತದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲೇ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಸಾರ್ವಜನಿಕ ಗ್ರಂಥಾಲಯಗಳಿಗೂ ಕಳುಹಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯ ಹೆಸರಿನಲ್ಲೇ ಇರುವುದು ಪುಸ್ತಕ ಮತ್ತು ಪತ್ರಿಕೆ ಮಾತ್ರ. ಒಟಿಟಿಗೆಂದೇ ತಯಾರಾದ ಸರಣಿ ಅದರ ವ್ಯಾಪ್ತಿಗೆ ಬರುವುದಿಲ್ಲ, ಸೆನ್ಸಾರ್ ಮಂಡಳಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಸಬ್ಸಿಡಿ ಪಡೆಯುವ ಕನ್ನಡ ಚಿತ್ರಗಳಿಂದಲಾದರೂ ಮೂಲಪ್ರತಿಯೊಂದನ್ನು ಪಡೆದು ಕಾಪಾಡುವ ಷರತ್ತನ್ನು ರಾಜ್ಯ ಸರ್ಕಾರ ಹಾಕಬಹುದು. ಹಣ ಕೊಡುವವರು ಕೇಳಿದರೆ ನಿರ್ಮಾಪಕರು ಇಲ್ಲವೆನ್ನಲಾರರು.