ಕಚ್ಚಾತೈಲದ ಮೂಲ: ಜೈವಿಕವೋ, ಅಜೈವಿಕವೋ?

ಈ ವಿಷಯವನ್ನು ಓದಲು ತೊಡಗುವವರು ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಜೀವಿಗಳ ನೆರವಿಲ್ಲದೆ, ಕಾರ್ಬನ್ ಮತ್ತು ಜಲಜನಕಗಳಷ್ಟೇ ಸೇರಿದ ಸಂಯುಕ್ತಗಳಾದ ಹೈಡ್ರೋಕಾರ್ಬನ್‌ಗಳು ಉಂಟಾಗಬಲ್ಲವೇ ಎಂಬುದು ಒಂದು. ಬಾವಿ ಕೊರೆದು ಮೇಲೆತ್ತುವ ಕಚ್ಚಾತೈಲ ಹಾಗೆ ಉಂಟಾದದ್ದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎನ್ನಲು ಅಡ್ಡಿಯಿಲ್ಲ. ಶನಿಯ ಉಪಗ್ರಹವಾದ ಟೈಟನ್‌ನಲ್ಲಿ ಮೀಥೇನ್ ಮತ್ತು ಈಥೇನ್ ಎಂಬ ಸರಳ ಹೈಡ್ರೋಕಾರ್ಬನ್‌ಗಳು ತುಂಬಿದ ಸರೋವರಗಳೇ ಇವೆ. ತಕರಾರು ಇರುವುದು ಎರಡನೆಯದರಲ್ಲಿ. ಮೊದಲನೆಯದರ ಉತ್ತರವನ್ನೇ ಎರಡನೆಯದಕ್ಕೆ ಪುರಾವೆಯಾಗಿ ಒಡ್ಡುವುದು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕಾಣುವ ದೋಷ.

ಜೈವಿಕ ವಾದದ ಪ್ರಕಾರ, ಆಮ್ಲಜನಕ ಕಡಿಮೆಯಿರುವ ಸಮುದ್ರ ಅಥವಾ ಸರೋವರದ ತಳದಲ್ಲಿ ಪಾಚಿ, ಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಮುಂತಾದವುಗಳ ಅವಶೇಷಗಳು ಪೂರ್ತಿ ಕೊಳೆಯದೆ ನುಣ್ಣನೆಯ ಜೇಡಿಯೊಂದಿಗೆ ಹೂತುಹೋಗಿ, ಕೆರೋಜೆನ್ ಎಂಬ ಘನಪದಾರ್ಥವಾಗುತ್ತವೆ. ಈ ಪದರ ಆಳಕ್ಕಿಳಿದು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಹುಕಾಲ ಒಳಗಾದಾಗ ಕೆರೋಜೆನ್ ಒಡೆದು ಎಣ್ಣೆ ಹೊರಬರುತ್ತದೆ. ಶಾಖ ಇನ್ನೂ ಏರಿದರೆ ಅನಿಲವೇ ಹೆಚ್ಚು. ಹೀಗೆ ಹುಟ್ಟಿದ ಎಣ್ಣೆ ಆ ಪದರದಲ್ಲೇ, ಅಂದರೆ ಮೂಲಶಿಲೆಯಲ್ಲೇ, ನಿಲ್ಲದೆ, ರಂಧ್ರಗಳಿರುವ ಬೇರೆ ಶಿಲೆಗೆ ಸಾಗಿ ಅಲ್ಲಿ ಸಂಗ್ರಹವಾಗುತ್ತದೆ.

ಅಜೈವಿಕ ವಾದವೂ ಹಳೆಯದೇ. ಭೂಮಿಯ ಆಳದಲ್ಲಿ ಲೋಹ ಮತ್ತು ಕಾರ್ಬನ್ ಸೇರಿ ಆದ ಕಾರ್ಬೈಡ್‌ಗಳೊಡನೆ ನೀರು ವರ್ತಿಸಿ ಎಣ್ಣೆ ಉಂಟಾಗಿರಬೇಕೆಂದು ರಷ್ಯದ ರಸಾಯನವಿಜ್ಞಾನಿ ಮೆಂಡಲೀವ್ 1877ರಲ್ಲಿ ಸೂಚಿಸಿದರು. 1951ರಲ್ಲಿ ಸೋವಿಯತ್ ಭೂವಿಜ್ಞಾನಿ ನಿಕೊಲಾಯ್ ಕುದ್ರಿಯಾವ್‌ತ್ಸೆವ್ ಇದಕ್ಕೆ ಹೊಸ ರೂಪ ಕೊಟ್ಟರು. ಅನಂತರ ಖಭೌತವಿಜ್ಞಾನಿ ಥಾಮಸ್ ಗೋಲ್ಡ್ ಇದನ್ನು ಪಾಶ್ಚಾತ್ಯ ದೇಶಗಳಲ್ಲಿ ಪ್ರಬಲವಾಗಿ ಪ್ರತಿಪಾದಿಸಿದರು.

ನಿರ್ಣಾಯಕ ಸಾಕ್ಷ್ಯ ಇರುವುದು ಎಣ್ಣೆಯ ಅಣುಗಳಲ್ಲಿಯೇ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಬೇಕು. 1930ರ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ಕಚ್ಚಾತೈಲದಲ್ಲಿ ಪಾರ್ಫೈರಿನ್‌ಗಳನ್ನು ಗುರುತಿಸಿದರು. ನಾಲ್ಕು ಸಾರಜನಕ ಪರಮಾಣುಗಳ ನಡುವೆ ಒಂದು ಲೋಹವನ್ನು ಹಿಡಿದಿಟ್ಟುಕೊಂಡ ಉಂಗುರದ ರಚನೆ ಅದು. ಎಲೆಯ ಹಸಿರಿಗೆ ಕಾರಣವಾದ ಕ್ಲೋರೊಫಿಲ್‌ನಲ್ಲಿ ಆ ಲೋಹ ಮೆಗ್ನೀಷಿಯಂ. ಎಣ್ಣೆಯಲ್ಲಿ ಅದರ ಜಾಗಕ್ಕೆ ವೆನೇಡಿಯಂ ಅಥವಾ ನಿಕಲ್ ಬಂದಿರುತ್ತದೆ, ಆದರೆ ಉಂಗುರ ಉಳಿದಿರುತ್ತದೆ. ಕ್ಲೋರೊಫಿಲ್‌ನ ಬಾಲದಂತಿರುವ ಫೈಟಾಲ್ ಸರಪಳಿಯಿಂದ 19 ಕಾರ್ಬನ್‌ಗಳ ಪ್ರಿಸ್ಟೇನ್ ಮತ್ತು 20 ಕಾರ್ಬನ್‌ಗಳ ಫೈಟೇನ್ ಉಂಟಾಗುತ್ತವೆ; ಇವೂ ಎಣ್ಣೆಯಲ್ಲಿ ಸಿಗುತ್ತವೆ. ಇವೆರಡರಲ್ಲೂ ಪ್ರತಿ ನಾಲ್ಕನೆಯ ಕಾರ್ಬನ್‌ಗೆ ಒಂದು ಮೀಥೈಲ್ ಕವಲು ಕ್ರಮ ತಪ್ಪದೆ ಅಂಟಿಕೊಂಡಿರುತ್ತದೆ. ಕುರುಡು ರಾಸಾಯನಿಕ ಕ್ರಿಯೆಯಲ್ಲಿ ಇಂಥ ಶಿಸ್ತು ಇಷ್ಟು ಪ್ರಮಾಣದಲ್ಲಿ ಮೂಡುವುದನ್ನು ನಂಬುವುದು ಕಷ್ಟ.

ಗೋಲ್ಡ್ ಇದಕ್ಕೆ ಕೊಟ್ಟ ಉತ್ತರ ಗಂಭೀರವಾದದ್ದು: ಆಳದಿಂದ ಏರಿಬರುವ ಹೈಡ್ರೋಕಾರ್ಬನ್‌ಗಳನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳು ತಮ್ಮ ಗುರುತನ್ನು ಎಣ್ಣೆಯಲ್ಲಿ ಬಿಡುತ್ತವೆ ಎಂದರು. ಶಿಲೆಗಳ ಆಳದಲ್ಲಿ ಸೂಕ್ಷ್ಮಜೀವಿಗಳಿರುವುದು ನಿಜವೂ ಹೌದು. ಆದರೆ ಕೆಲವು ಎಣ್ಣೆಗಳಲ್ಲಿ ಓಲಿಯನೇನ್ ಎಂಬ ಅಣು ಸಿಗುತ್ತದೆ. ಅದು ಹೂಬಿಡುವ ಸಸ್ಯಗಳ ಸಂಯುಕ್ತಗಳಿಂದ ಬರುವಂಥದು, ಮತ್ತು ಅದು ಹೆಚ್ಚಾಗಿ ಕಾಣುವುದು ಆ ಸಸ್ಯಗಳು ಹರಡಿದ ಕ್ರಿಟೇಷಿಯಸ್ ಯುಗದ (ಸುಮಾರು 14.5ರಿಂದ 6.6 ಕೋಟಿ ವರ್ಷಗಳ ಹಿಂದಿನ) ಹಾಗೂ ಅನಂತರದ ಮೂಲಶಿಲೆಗಳ ಎಣ್ಣೆಯಲ್ಲಿ. ಸಸ್ಯಗಳ ಕಾಲಾನುಕ್ರಮವನ್ನು ಎಣ್ಣೆ ಹೀಗೆ ಅನುಸರಿಸುವುದನ್ನು ಆಳದ ಬ್ಯಾಕ್ಟೀರಿಯಾಗಳಿಂದ ವಿವರಿಸಲಾಗದು. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ ಅಂಶ ಇದೇ.

ಹಾಗೆಂದು ಅಜೈವಿಕ ಪಕ್ಷದ ಪ್ರಯೋಗಗಳನ್ನು ಕಡೆಗಣಿಸಬಾರದು. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೃತಶಿಲೆ, ಕಬ್ಬಿಣದ ಆಕ್ಸೈಡ್ ಮತ್ತು ನೀರನ್ನು ಸುಮಾರು 50 ಸಾವಿರ ವಾಯುಭಾರದ ಒತ್ತಡ ಹಾಗೂ 1500 ಡಿಗ್ರಿ ಶಾಖಕ್ಕೆ ಒಳಪಡಿಸಿದಾಗ ಮೀಥೇನ್ ಮಾತ್ರವಲ್ಲ, ಅದೇ ಕುಟುಂಬದ, ಅದಕ್ಕಿಂತ ಭಾರವಾದ ಆಲ್ಕೇನ್‌ಗಳೂ ದೊರೆತವು. ಕೆನಡಾದ ಕಿಡ್ ಕ್ರೀಕ್ ಗಣಿಯ ಅನಿಲಗಳಲ್ಲಿ ಕಾರ್ಬನ್‌ನ ಹಗುರ ಮತ್ತು ಭಾರದ ಪರಮಾಣು ರೂಪಗಳಾದ ಐಸೊಟೋಪ್‌ಗಳ ಕ್ರಮ ಸಾಮಾನ್ಯ ನೈಸರ್ಗಿಕ ಅನಿಲಕ್ಕೆ ತಿರುಗುಮುರುಗಾಗಿದ್ದು, ಅವು ಅಜೈವಿಕವೆಂದು ಸಂಶೋಧಕರು ವಾದಿಸಿದ್ದಾರೆ. ಆದರೆ ವಾಣಿಜ್ಯ ಮಟ್ಟದ ಅನಿಲ ನಿಕ್ಷೇಪಗಳಲ್ಲಿ ಆ ಬಗೆಯ ಗುರುತು ಕಾಣುವುದಿಲ್ಲ.

ಗೋಲ್ಡ್ ತಮ್ಮ ಸಿದ್ಧಾಂತವನ್ನು ನೆಲದಲ್ಲೇ ಪರೀಕ್ಷಿಸಲು ಮುಂದಾದದ್ದು ಮೆಚ್ಚತಕ್ಕದ್ದು. ಸ್ವೀಡನ್ನಿನ ಸಿಲ್ಯಾನ್ ಎಂಬಲ್ಲಿ, ಸುಮಾರು 38 ಕೋಟಿ ವರ್ಷಗಳ ಹಿಂದೆ ಉಲ್ಕಾಪಾತದಿಂದಾದ ಕುಳಿಯ ಬಿರುಕುಬಿಟ್ಟ ಗ್ರಾನೈಟಿನಲ್ಲಿ 1986ರಿಂದ 6 ಕಿಲೋಮೀಟರಿಗೂ ಆಳಕ್ಕೆ ಬಾವಿ ಕೊರೆಯಲಾಯಿತು. ಕಪ್ಪು ಜಿಡ್ಡು ಪದಾರ್ಥ ಸ್ವಲ್ಪ ಮೇಲೆ ಬಂತಾದರೂ, ಕೊರೆಯುವಾಗ ಡೀಸೆಲ್ ಮುಂತಾದ ದ್ರವಗಳನ್ನು ಬಳಸಿದ್ದರಿಂದ ಅದರ ಮೂಲ ವಿವಾದಕ್ಕೊಳಗಾಯಿತು. ಲಾಭದಾಯಕ ಪ್ರಮಾಣದ ಎಣ್ಣೆಯಂತೂ ಸಿಗಲಿಲ್ಲ.

ಗ್ರಾನೈಟಿನಲ್ಲಿ ಎಣ್ಣೆ ಸಿಗುವುದೇ ಅಜೈವಿಕ ಮೂಲಕ್ಕೆ ಸಾಕ್ಷಿ ಎಂಬ ವಾದವನ್ನೂ ನೀವು ಕೇಳುವಿರಿ. ಅದಕ್ಕೆ ವಿಯೆಟ್ನಾಮಿನ ಬಾಕ್ ಹೋ ಕ್ಷೇತ್ರವನ್ನು ಉದಾಹರಿಸುತ್ತಾರೆ. ಅಲ್ಲಿ ಗ್ರಾನೈಟಿನ ಬಿರುಕುಗಳಲ್ಲಿ ಎಣ್ಣೆ ಹೇರಳವಾಗಿದೆ. ಆದರೆ ಆ ಗ್ರಾನೈಟ್ ಉಬ್ಬಿನ ಪಕ್ಕದ ತಗ್ಗುಗಳಲ್ಲಿ ಸರೋವರದ ಜೇಡಿಯಿಂದಾದ ಆಲಿಗೊಸೀನ್ ಯುಗದ (ಸುಮಾರು 3.4ರಿಂದ 2.3 ಕೋಟಿ ವರ್ಷಗಳ ಹಿಂದಿನ) ಶೇಲ್ ಪದರಗಳಿವೆ. ಎಣ್ಣೆಯ ಜೈವಿಕ ಗುರುತುಗಳು ಆ ಶೇಲ್‌ನೊಂದಿಗೆ ತಾಳೆಯಾಗುವುದರಿಂದ, ಅದು ಅಲ್ಲಿಂದಲೇ ಎತ್ತರದಲ್ಲಿರುವ ಬಿರುಕುಗಳಿಗೆ ಸಾಗಿ ಬಂದಿತೆಂದು ಹೇಳಬಹುದು.